ಕೃತಜ್ಞ ಪ್ರೇತದ ಬೆನ್ನು ಹತ್ತಿದವರು

ಹಳೆಯ ಜನಪದ ಕಥೆಯೊಂದಿದೆ. ದಾರಿಹೋಕನೊಬ್ಬ ಅಪರಿಚಿತ ಊರಿಗೆ ಬರುತ್ತಾನೆ. ಅಲ್ಲಿ ಒಂದು ಹೆಣ ಮಣ್ಣು ಕಾಣದೆ ಬಿದ್ದಿರುತ್ತದೆ. ಸತ್ತವನು ಸಾಲಗಾರ. ಬಾಕಿ ತೀರುವ ತನಕ ಹೂಳಲು ಬಿಡುವುದಿಲ್ಲವೆಂದು ಸಾಲ ಕೊಟ್ಟವರ ಹಟ. ದಾರಿಹೋಕ ತನ್ನ ಗಂಟಿನಲ್ಲಿದ್ದ ಕೊನೆಯ ಕಾಸನ್ನೂ ಕೊಟ್ಟು ಹೆಣಕ್ಕೆ ಸಂಸ್ಕಾರ ಮಾಡಿಸಿ ಮುಂದೆ ನಡೆಯುತ್ತಾನೆ. ದಾರಿಯಲ್ಲಿ ಒಬ್ಬ ಸಂಗಾತಿ ಸಿಗುತ್ತಾನೆ, ಕಷ್ಟಗಳಲ್ಲೆಲ್ಲ ಕೈಹಿಡಿಯುತ್ತಾನೆ. ಆತ ಅದೇ ಸತ್ತವನ ಪ್ರೇತ ಎಂದು ಗೊತ್ತಾಗುವುದು ಕಥೆಯ ಕೊನೆಯಲ್ಲಿ. ಋಣ ತೀರಿಸಲು ಬಂದ ಪ್ರೇತ ಅದು. ಯುರೋಪು ಮತ್ತು ಪಶ್ಚಿಮ ಏಷ್ಯಾದ ಹಲವು ನಾಡುಗಳಲ್ಲಿ ಈ ಕಥೆಗೆ ನಾನಾ ರೂಪಗಳಿವೆ. ಜಾನಪದ ವಿದ್ವಾಂಸರು ಇದಕ್ಕೆ ಇಟ್ಟ ಹೆಸರು ‘ಗ್ರೇಟ್‌ಫುಲ್ ಡೆಡ್’, ಅಂದರೆ ಕೃತಜ್ಞ ಪ್ರೇತ.

1965ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊ ಎಂಬ ಊರಿನ ಐವರು ಹುಡುಗರು ತಮ್ಮ ವಾದ್ಯಮೇಳಕ್ಕೆ ಹೊಸ ಹೆಸರು ಹುಡುಕುತ್ತಿದ್ದರು. ಮೊದಲು ಇಟ್ಟುಕೊಂಡಿದ್ದ ‘ವಾರ್‌ಲಾಕ್ಸ್’ ಎಂಬ ಹೆಸರನ್ನು ಬೇರೆ ಯಾರೋ ಆಗಲೇ ಬಳಸುತ್ತಿದ್ದರು. ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ ನಿಘಂಟೊಂದನ್ನು ತೆರೆದಾಗ ಕಣ್ಣಿಗೆ ಬಿದ್ದದ್ದು ಈ ಎರಡು ಪದಗಳು. ಹೆಸರು ಅಂಟಿಕೊಂಡಿತು. ಅದರ ಬೆನ್ನಿಗೇ, ಜಗತ್ತಿನ ಸಂಗೀತ ಚರಿತ್ರೆಯಲ್ಲಿ ಹೋಲಿಕೆಯೇ ಅಪರೂಪವಾದ ಒಂದು ಅಭಿಮಾನಿ ಬಳಗವೂ ಅಂಟಿಕೊಂಡಿತು. ಅವರನ್ನು ‘ಡೆಡ್‌ಹೆಡ್‌’ಗಳು ಎನ್ನುತ್ತಾರೆ.

ಈ ಅಭಿಮಾನವನ್ನು ನಮ್ಮ ಸಿನಿಮಾ ನಟರ ಅಭಿಮಾನದ ಜೊತೆ ಹೋಲಿಸಿದರೆ ತಪ್ಪಾದೀತು. ಕಟೌಟಿಗೆ ಹಾಲೆರೆಯುವ ಪೈಕಿಯವರಲ್ಲ ಇವರು. ಹೋಲಿಕೆ ಬೇಕೇಬೇಕೆಂದರೆ ಕರಾವಳಿಯಲ್ಲಿ ಯಕ್ಷಗಾನ ಮೇಳದ ಬೆನ್ನು ಹತ್ತಿ, ಇಂದು ಈ ಊರು ನಾಳೆ ಆ ಊರು ಎಂದು ರಾತ್ರಿಯಿಡೀ ಆಟ ನೋಡುತ್ತಿದ್ದವರನ್ನು ನೆನೆಯಬಹುದು. ಪ್ರಸಂಗ ಅದೇ ಆದರೂ ಇಂದಿನ ಅರ್ಥಗಾರಿಕೆ ನಿನ್ನೆಯದಲ್ಲ ಎಂಬ ಆಸೆ ಅವರದು. ಡೆಡ್‌ಹೆಡ್‌ಗಳದೂ ಅದೇ ಆಸೆ.

ಗ್ರೇಟ್‌ಫುಲ್ ಡೆಡ್ ತಂಡ 30 ವರ್ಷಗಳಲ್ಲಿ 2,300ಕ್ಕೂ ಹೆಚ್ಚು ಕಛೇರಿ ನಡೆಸಿತು. ಎರಡು ರಾತ್ರಿ ಒಂದೇ ಪಟ್ಟಿಯ ಹಾಡುಗಳನ್ನು ನುಡಿಸುವ ಪದ್ಧತಿಯೇ ಅಲ್ಲಿರಲಿಲ್ಲ. ಯಾವ ಹಾಡಿನ ಬಳಿಕ ಯಾವುದು ಎಂಬುದು ಬಹುಪಾಲು ವೇದಿಕೆಯ ಮೇಲೇ ತೀರ್ಮಾನವಾಗುತ್ತಿತ್ತು. ಒಂದು ರಾತ್ರಿ ಹತ್ತು ನಿಮಿಷದಲ್ಲಿ ಮುಗಿದ ಹಾಡು ಇನ್ನೊಂದು ರಾತ್ರಿ ಅರ್ಧ ಗಂಟೆ ಹರಿಯುತ್ತಿತ್ತು. ನಮ್ಮ ಸಂಗೀತಗಾರರು ಮನೋಧರ್ಮ ಎಂದು ಕರೆಯುವ ಗುಣವೇ ಇವರ ಬಂಡವಾಳ. ಬಂಡವಾಳದಲ್ಲಿ ಅಪಾಯವೂ ಇತ್ತು. ಹೊಂದಾಣಿಕೆ ತಪ್ಪಿದ ರಾತ್ರಿ ಕಛೇರಿ ಶುದ್ಧ ಬೇಸರದ ಸಂಗತಿಯಾಗುತ್ತಿತ್ತು. ಡೆಡ್‌ಹೆಡ್‌ಗಳೇ ಇದನ್ನು ಮೊದಲು ಒಪ್ಪಿಕೊಳ್ಳುತ್ತಾರೆ. ಅಂಗಡಿಯಲ್ಲಿ ಮಾರಾಟವಾಗುವ ತಟ್ಟೆಗಳ ಲೆಕ್ಕದಲ್ಲಿ ತಂಡ ಎಂದೂ ಮೇಲಿನ ಸಾಲಿನದಲ್ಲ. ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಬಂದ ಅವರ ಹಾಡು ಒಂದೇ ಒಂದು. ಅದು ಬಂದದ್ದು 1987ರಲ್ಲಿ, ತಂಡಕ್ಕೆ 22 ವರ್ಷ ತುಂಬಿದ ಮೇಲೆ.

ಗಾರ್ಸಿಯಾನ ಬಗ್ಗೆ ವಿದ್ಯಾರ್ಥಿಗಳು ತಿಳಿದಿರಬೇಕಾದ ಒಂದು ಮಾತಿದೆ. ಆತನಿಗೆ ನಾಲ್ಕು ವರ್ಷವಾಗಿದ್ದಾಗ ಅಣ್ಣ ಕಟ್ಟಿಗೆ ಒಡೆಯುತ್ತಿದ್ದ, ಇವನು ಕಟ್ಟಿಗೆ ಹಿಡಿದುಕೊಂಡಿದ್ದ. ಕೊಡಲಿ ತಪ್ಪಿ ಬಲಗೈ ನಡುಬೆರಳಿನ ಮೂರರಲ್ಲಿ ಎರಡು ಪಾಲು ಹೋಯಿತು. ಅದೇ ವರ್ಷ ತಂದೆ ನದಿಯಲ್ಲಿ ಮುಳುಗಿ ತೀರಿಕೊಂಡರು. ಆ ಮೊಂಡು ಬೆರಳಿನ ಕೈಯಲ್ಲೇ ತಂತಿ ಮೀಟುವುದನ್ನು ಕಲಿತು, ಸಂಗೀತದ ಅಂಗಡಿಯಲ್ಲಿ ಪಾಠ ಹೇಳಿ ಹೊಟ್ಟೆ ಹೊರೆದು, ಮುಂದೆ ಅಮೆರಿಕದ ಹೆಸರಾಂತ ಗಿಟಾರ್ ವಾದಕರಲ್ಲಿ ಒಬ್ಬನಾದ.

ಲಕೋಟೆಗಳ ಬಳಗ

1971ರಲ್ಲಿ ಹೊರಬಂದ ಜೋಡಿ ತಟ್ಟೆಯೊಂದರ ಹೊದಿಕೆಯ ಒಳಭಾಗದಲ್ಲಿ ತಂಡ ಪುಟ್ಟ ಸೂಚನೆಯೊಂದನ್ನು ಅಚ್ಚು ಹಾಕಿಸಿತ್ತು. ನೀವು ಯಾರು, ಎಲ್ಲಿದ್ದೀರಿ, ಹೇಗಿದ್ದೀರಿ, ವಿಳಾಸ ಬರೆದು ಕಳಿಸಿ, ವಿಷಯ ತಿಳಿಸುತ್ತಿರುತ್ತೇವೆ ಎಂಬುದು ಅದರ ಸಾರಾಂಶ. ಕಾಗದಗಳು ಸಾವಿರಗಟ್ಟಲೆ ಬಂದವು. ಮಾರಾಟ ಶಾಸ್ತ್ರದ ಪುಸ್ತಕಗಳು ಇಂದು ಈ ಪ್ರಸಂಗವನ್ನು ಪಾಠವಾಗಿ ಹೇಳುತ್ತವೆ. ತಂಡ ಮಾಡಿದ್ದು ಮಾತ್ರ ಸರಳ ಕೆಲಸ: ಬಂದ ಕಾಗದಗಳಿಗೆ ಉತ್ತರ ಬರೆದದ್ದು.

1983ರಿಂದ ಟಿಕೆಟ್ಟುಗಳನ್ನೂ ಅಂಚೆಯ ಮೂಲಕ ತಂಡವೇ ಮಾರತೊಡಗಿತು. ನಿಯಮಗಳು ಸರ್ಕಾರಿ ಅರ್ಜಿಯಷ್ಟೇ ಕಟ್ಟುನಿಟ್ಟು. ಇಂಥದೇ ಅಳತೆಯ ಕಾರ್ಡಿನ ಮೇಲೆ ವಿವರ, ಜೊತೆಗೆ ಮನಿ ಆರ್ಡರು, ಸ್ವಂತ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆ. ತಮ್ಮ ಲಕೋಟೆ ರಾಶಿಯಲ್ಲಿ ಎದ್ದು ಕಾಣಲಿ ಎಂದು ಅಭಿಮಾನಿಗಳು ಅದರ ಮೇಲೆ ಬಣ್ಣಬಣ್ಣದ ಚಿತ್ರ ಬರೆಯತೊಡಗಿದರು. ಗುಲಾಬಿ, ತಲೆಬುರುಡೆ, ಕುಣಿಯುವ ಕರಡಿ. ಹೀಗೆ ಬಂದ ಲಕೋಟೆಗಳು ಇಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸಾಂತಾ ಕ್ರೂಜ್ ಗ್ರಂಥಾಲಯದಲ್ಲಿವೆ. ತಂಡ ತನ್ನ ಕಾಗದಪತ್ರಗಳನ್ನೆಲ್ಲ 2008ರಲ್ಲಿ ಆ ವಿಶ್ವವಿದ್ಯಾನಿಲಯಕ್ಕೆ ಕೊಟ್ಟುಬಿಟ್ಟಿತು.

ಅಭಿಮಾನಿಗಳಲ್ಲಿ ಎಂಥೆಂಥವರಿದ್ದರು! ಅಮೆರಿಕದ ಸೆನೆಟರ್ ಪ್ಯಾಟ್ರಿಕ್ ಲೀಹಿ ಒಬ್ಬರು. ಬ್ಯಾಸ್ಕೆಟ್‌ಬಾಲ್ ಆಟಗಾರ ಬಿಲ್ ವಾಲ್ಟನ್ ಇನ್ನೊಬ್ಬ. ಹೆಚ್ಚುಕಡಿಮೆ ಏಳಡಿ ಎತ್ತರ, ಬಾಲ್ಯದಿಂದ ಉಗ್ಗು, ಪಾದದ ಮೂಳೆಗಳಿಗೆ ಮೇಲಿಂದ ಮೇಲೆ ಶಸ್ತ್ರಚಿಕಿತ್ಸೆ. 2024ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಆತ ತಂಡದ ಮತ್ತು ಅದರ ಸದಸ್ಯರ 850ಕ್ಕೂ ಹೆಚ್ಚು ಕಛೇರಿಗಳಿಗೆ ಹೋಗಿದ್ದ. ಸಭೆಯ ನಡುವೆ ತಾಳೆಮರದಂತೆ ನಿಂತಿರುತ್ತಿದ್ದುದರಿಂದ ವೇದಿಕೆಯ ಮೇಲಿದ್ದವರಿಗೂ ಆತ ಬಂದದ್ದು ಗೊತ್ತಾಗುತ್ತಿತ್ತು. ಉತ್ತರ ಕ್ಯಾರೊಲಿನಾ ವಿಶ್ವವಿದ್ಯಾನಿಲಯದ ಗ್ರೀನ್ಸ್‌ಬರೊ ಶಾಖೆಯ ಸಮಾಜಶಾಸ್ತ್ರ ಅಧ್ಯಾಪಕಿ ರೆಬೆಕ್ಕಾ ಆಡಮ್ಸ್ 1989ರ ಬೇಸಿಗೆಯಲ್ಲಿ ತಮ್ಮ ವಿದ್ಯಾರ್ಥಿಗಳನ್ನು ಈ ಬಳಗದ ಅಧ್ಯಯನಕ್ಕೆಂದೇ ತಂಡದ ಹಿಂದೆ ಕರೆದೊಯ್ದರು. ಅಂಥ ಕ್ಷೇತ್ರಕಾರ್ಯ ಸಿಕ್ಕಿದ್ದರೆ ಯಾವ ವಿದ್ಯಾರ್ಥಿ ತಾನೇ ಹಾಜರಿ ತಪ್ಪಿಸುತ್ತಿದ್ದ?

ನಕಲಿನ ನಕಲು

ಕಛೇರಿಯಲ್ಲಿ ಟೇಪ್ ರೆಕಾರ್ಡರ್ ಕಂಡರೆ ಕಿತ್ತುಕೊಳ್ಳುವುದು ಬೇರೆ ತಂಡಗಳ ರೂಢಿ. ಇಲ್ಲಿ ಹಾಗಲ್ಲ. ನಾವು ನುಡಿಸಿ ಮುಗಿಸಿದ ಮೇಲೆ ಅದು ಅವರದು ಎಂಬರ್ಥದ ಮಾತನ್ನು ಗಾರ್ಸಿಯಾ ಆಡಿದ್ದ. 1970ರ ದಶಕದ ಮೊದಲಲ್ಲೇ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಲೆಸ್ ಕಿಪ್ಪೆಲ್ ಎಂಬಾತ ಉಚಿತ ಟೇಪು ವಿನಿಮಯ ಕೂಟವನ್ನು ಹುಟ್ಟುಹಾಕಿದ. ಮೈಕುಗಳನ್ನು ಉದ್ದನೆಯ ಕೋಲಿಗೆ ಕಟ್ಟಿ ಎತ್ತಿ ಹಿಡಿಯುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಕೊನೆಗೆ ಈ ಕೋಲುಗಳ ಕಾಡು ಧ್ವನಿ ನಿಯಂತ್ರಿಸುವವರಿಗೇ ಅಡ್ಡ ಬರತೊಡಗಿದಾಗ ತಂಡ ಅದನ್ನು ನಿಷೇಧಿಸಲಿಲ್ಲ. 1984ರ ಅಕ್ಟೋಬರಿನಲ್ಲಿ, ಬರ್ಕ್ಲಿ ನಗರದ ಕಛೇರಿಯಿಂದ ಮೊದಲುಗೊಂಡು, ಧ್ವನಿಮುದ್ರಣ ಮಾಡುವವರಿಗೆಂದೇ ಪ್ರತ್ಯೇಕ ಜಾಗ ಗೊತ್ತುಮಾಡಿ ಬೇರೆ ಟಿಕೆಟ್ಟು ಮಾರಿತು! ನಿಯಮ ಒಂದೇ: ಟೇಪನ್ನು ಯಾರೂ ಮಾರಬಾರದು. ಅದಲು ಬದಲು ಮಾಡಿಕೊಳ್ಳಬಹುದು, ಇಲ್ಲವೇ ಸುಮ್ಮನೆ ಕೊಡಬಹುದು. ಬದಲಿಗೆ ಕೊಡಲು ಏನೂ ಇಲ್ಲದ ಹೊಸಬನು ಖಾಲಿ ಕ್ಯಾಸೆಟ್ ಮತ್ತು ಅಂಚೆ ಖರ್ಚು ಕಳಿಸಿದರೆ ಸಾಕು, ಪರಿಚಯವಿಲ್ಲದವರೂ ತುಂಬಿ ಕಳಿಸುತ್ತಿದ್ದರು.

ಈ ವ್ಯವಹಾರದಲ್ಲಿ ಒಂದು ಭೌತಶಾಸ್ತ್ರದ ಕಷ್ಟವಿತ್ತು. ಕ್ಯಾಸೆಟ್ಟಿನ ಪಟ್ಟಿಗೆ ಲೋಹದ ಆಕ್ಸೈಡಿನ ಸೂಕ್ಷ್ಮ ಕಣಗಳನ್ನು ಲೇಪಿಸಿರುತ್ತಾರೆ. ಧ್ವನಿ ಎಂದರೆ ಆ ಕಣಗಳ ಕಾಂತೀಯ ಜೋಡಣೆ. ಕಣಗಳು ಎಷ್ಟೇ ಸಣ್ಣವಾದರೂ ಬಿಡಿಬಿಡಿಯಾಗಿರುವುದರಿಂದ ಖಾಲಿ ಪಟ್ಟಿಯೂ ‘ಸ್ಸ್...’ ಎಂದು ಉಸುರುತ್ತದೆ. ಒಂದು ಟೇಪಿನಿಂದ ಇನ್ನೊಂದಕ್ಕೆ ನಕಲು ಮಾಡಿದಾಗ ಹಾಡಿನ ಜೊತೆ ಹಳೆಯ ಟೇಪಿನ ಉಸುರೂ ಹೋಗುತ್ತದೆ, ಹೊಸ ಟೇಪು ತನ್ನದನ್ನೂ ಸೇರಿಸುತ್ತದೆ. ಐದಾರು ತಲೆಮಾರು ದಾಟಿದ ಟೇಪಿನಲ್ಲಿ ಹಾಡುವವನು ಮಳೆಯಲ್ಲಿ ನಿಂತು ಹಾಡಿದಂತೆ ಕೇಳುತ್ತದೆ. ಆದ್ದರಿಂದ ಡೆಡ್‌ಹೆಡ್‌ಗಳು ಪ್ರತಿ ಟೇಪಿಗೂ ವಂಶಾವಳಿ ಬರೆದಿಡುತ್ತಿದ್ದರು. ಯಾವ ದಿನ, ಯಾವ ಊರು, ಯಾವ ಮೈಕು, ಮೂಲದಿಂದ ಎಷ್ಟನೆಯ ನಕಲು. ಶಾಲೆಯ ಪ್ರಯೋಗಾಲಯದ ದಾಖಲೆ ಪುಸ್ತಕವನ್ನು ನಮ್ಮ ಮಕ್ಕಳು ಇಷ್ಟು ಶ್ರದ್ಧೆಯಿಂದ ಬರೆದರೆ ಮೇಷ್ಟ್ರುಗಳು ಹಬ್ಬ ಮಾಡಿಯಾರು. ಪ್ರತಿ ಕಛೇರಿಯ ಹಾಡುಗಳ ಪಟ್ಟಿಯನ್ನು ಕಲೆಹಾಕಿದ ‘ಡೆಡ್‌ಬೇಸ್’ ಎಂಬ ದಪ್ಪ ಪುಸ್ತಕ 1987ರಲ್ಲಿ ಬಂತು. ಅದನ್ನು ತಯಾರಿಸಿದವರೂ ಅಭಿಮಾನಿಗಳೇ.

ಈ ಶ್ರದ್ಧೆ ಒಬ್ಬನ ಬದುಕನ್ನೇ ಬದಲಿಸಿತು. ಡಿಕ್ ಲಾಟ್ವಾಲಾ ಹವಾಯಿ ದ್ವೀಪದಲ್ಲಿದ್ದ ಸಾಮಾನ್ಯ ಅಭಿಮಾನಿ. ಕಛೇರಿಗಳು ನಡೆಯುತ್ತಿದ್ದುದು ಸಮುದ್ರದಾಚೆ. ಅಂಚೆಯಲ್ಲಿ ಬರುವ ಟೇಪುಗಳೇ ಆತನಿಗೆ ಗತಿ. ಒಂದೊಂದನ್ನೂ ಮತ್ತೆ ಮತ್ತೆ ಕೇಳಿ, ಯಾವ ರಾತ್ರಿ ಯಾವ ಹಾಡು ಹೇಗಿತ್ತು ಎಂದು ನೋಟ್‌ಬುಕ್ಕುಗಳನ್ನು ತುಂಬಿದ. 1985ರಲ್ಲಿ ತಂಡ ಆತನನ್ನೇ ಕರೆದು ತನ್ನ ಮೂಲ ಟೇಪುಗಳ ಉಗ್ರಾಣದ ಬೀಗದ ಕೈ ಕೊಟ್ಟಿತು. 1993ರಿಂದ ಆತ ಆಯ್ದ ಹಳೆಯ ಕಛೇರಿಗಳು ಆತನ ಹೆಸರಿನಲ್ಲೇ ಸರಣಿಯಾಗಿ ಹೊರಬಂದವು. ಲಾಟ್ವಾಲಾ 1999ರಲ್ಲಿ ಹೃದಯಾಘಾತದಿಂದ ತೀರಿಕೊಂಡ. ಸರಣಿ 2005ರವರೆಗೆ ನಡೆದು 36 ಸಂಪುಟಗಳಲ್ಲಿ ಮುಗಿಯಿತು. ವಾದ್ಯ ಹಿಡಿಯದ ಒಬ್ಬ ಕೇಳುಗನ ಹೆಸರು ತಟ್ಟೆಯ ಮೇಲೆ ಬರುವುದು ಸಣ್ಣ ಮಾತಲ್ಲ.

ಇನ್ನು ಬೆಟ್ಟಿ ಕ್ಯಾಂಟರ್ ಜಾಕ್ಸನ್ ಕಥೆ. ಈಕೆ ತಂಡದ ಧ್ವನಿಮುದ್ರಕಿ. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾನಿಲಯದ ಬಾರ್ಟನ್ ಹಾಲ್‌ನಲ್ಲಿ ಕಛೇರಿ. ಮೇ ತಿಂಗಳಾದರೂ ಆ ರಾತ್ರಿ ಹೊರಗೆ ಹಿಮ ಬಿತ್ತು. ಆ ದಿನದ ನುಡಿಸಾಣಿಕೆ ತಂಡದ ಅತ್ಯುತ್ತಮಗಳಲ್ಲಿ ಒಂದೆಂದು ಬಹಳ ಮಂದಿ ನಂಬುತ್ತಾರೆ. ಆಕೆ ಮುದ್ರಿಸಿದ ರೀಲುಗಳು ಬಾಡಿಗೆ ಕೋಣೆಯೊಂದರಲ್ಲಿದ್ದವು. ಬಾಡಿಗೆ ಕಟ್ಟಲಾಗದೆ 1986ರಲ್ಲಿ ಎಲ್ಲವೂ ಹರಾಜಾದವು. ಬೇರೆ ಬೇರೆ ಕೈ ಸೇರಿದ ರೀಲುಗಳ ಪೈಕಿ ಅನೇಕವು ಕೆಟ್ಟುಹೋಗಿದ್ದವು. ಧ್ವನಿ ತಂತ್ರಜ್ಞರೂ ಆಗಿದ್ದ ಅಭಿಮಾನಿಗಳು ಅವನ್ನು ಎಚ್ಚರದಿಂದ ಸರಿಪಡಿಸಿ ನಕಲು ಮಾಡಿ ಎಲ್ಲೆಡೆ ಹಂಚಿದರು. ಕಾರ್ನೆಲ್ ಮುದ್ರಿಕೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಾಡುವ ರಾಷ್ಟ್ರೀಯ ಧ್ವನಿಮುದ್ರಿಕೆಗಳ ಪಟ್ಟಿಗೆ ಸೇರಿತು. ತಂಡ ತಾನೇ ಅದನ್ನು ಅಧಿಕೃತವಾಗಿ ಹೊರತಂದದ್ದು 2017ರಲ್ಲಿ, ಕಛೇರಿ ನಡೆದು 40 ವರ್ಷಗಳಾದ ಮೇಲೆ. ಅಷ್ಟರಲ್ಲಿ ಡೆಡ್‌ಹೆಡ್‌ಗಳ ಮನೆಗಳಲ್ಲಿ ಅದು ಸವೆಯುವಷ್ಟು ಕೇಳಿಬಂದಾಗಿತ್ತು.

ಶಬ್ದದ ಗೋಡೆ

ಗಣೇಶನ ಪೆಂಡಾಲಿನಲ್ಲಿ ಮೈಕು ಇದ್ದಕ್ಕಿದ್ದಂತೆ ‘ಕೀಂ’ ಎಂದು ಕಿರುಚುವುದನ್ನು ಯಾರು ಕೇಳಿಲ್ಲ? ಧ್ವನಿವರ್ಧಕದಿಂದ ಹೊರಟ ಶಬ್ದ ಮತ್ತೆ ಮೈಕಿಗೇ ಹೊಕ್ಕು, ವರ್ಧಿಸಿ, ಮತ್ತೆ ಹೊಕ್ಕು ಹೀಗೆ ಸುತ್ತುವುದೇ ಇದಕ್ಕೆ ಕಾರಣ. ಆದ್ದರಿಂದಲೇ ಧ್ವನಿವರ್ಧಕಗಳನ್ನು ಮೈಕಿಗಿಂತ ಮುಂದೆ, ಸಭೆಯ ಕಡೆಗೆ ಮುಖಮಾಡಿ ಇಡುತ್ತಾರೆ. ಆಗ ಸಭೆಗೆ ಕೇಳುವುದು ವಾದಕರಿಗೆ ಕೇಳುವುದಿಲ್ಲ.

1974ರಲ್ಲಿ ಗ್ರೇಟ್‌ಫುಲ್ ಡೆಡ್‌ನ ತಂತ್ರಜ್ಞರು ಇದನ್ನು ತಲೆಕೆಳಗು ಮಾಡಿದರು. ಸುಮಾರು 600 ಸ್ಪೀಕರುಗಳನ್ನು ವಾದಕರ ಬೆನ್ನ ಹಿಂದೆ ಗೋಡೆಯಂತೆ ಪೇರಿಸಿದರು. ಒಟ್ಟು ತೂಕ ಸುಮಾರು 75 ಟನ್, ಶಕ್ತಿ 26 ಸಾವಿರ ವ್ಯಾಟಿಗೂ ಹೆಚ್ಚು. ಒಂದೊಂದು ವಾದ್ಯಕ್ಕೂ ಅದರದೇ ಸ್ಪೀಕರುಗಳು; ಫಿಲ್ ಲೆಶ್ ನುಡಿಸುತ್ತಿದ್ದ ಬೇಸ್ ಗಿಟಾರಿನ ನಾಲ್ಕು ತಂತಿಗಳಿಗೂ ಬೇರೆ ಬೇರೆ. ಹಾಗಾದರೆ ಗೋಡೆಯ ಎದುರಿಗೇ ಇರುವ ಮೈಕು ಕಿರುಚಬೇಡವೇ? ಅದಕ್ಕೆ ಅವರು ಹೂಡಿದ ಉಪಾಯ ಹೈಸ್ಕೂಲು ಹುಡುಗರಿಗೂ ಅರ್ಥವಾಗುವಂಥದು. ಪ್ರತಿ ಗಾಯಕನಿಗೂ ಒಂದರ ಮೇಲೊಂದು ಎರಡು ಮೈಕು, ನಡುವೆ 6 ಸೆಂಟಿಮೀಟರ್ ಅಂತರ. ಎರಡರ ವಿದ್ಯುತ್ ಸಂಕೇತಗಳೂ ಒಂದಕ್ಕೊಂದು ತದ್ವಿರುದ್ಧ ದಿಕ್ಕಿನಲ್ಲಿ ಸೇರುವಂತೆ ಜೋಡಣೆ. ಹಿಂದಿನ ಗೋಡೆಯಿಂದ ಬಂದ ಶಬ್ದ ಎರಡಕ್ಕೂ ಸರಿಸಮನಾಗಿ ತಾಕುತ್ತದೆ. ಒಂದರಿಂದ ಇನ್ನೊಂದನ್ನು ಕಳೆದರೆ ಸೊನ್ನೆ. ಗಾಯಕ ತುಟಿ ಹಚ್ಚಿ ಹಾಡುವುದು ಮೇಲಿನ ಮೈಕಿಗೆ ಮಾತ್ರ, ಅದು ಉಳಿಯುತ್ತದೆ. ಬರೀ ವ್ಯವಕಲನದ ಲೆಕ್ಕ! ತುಟಿ ಸ್ವಲ್ಪ ದೂರವಾದರೆ ಮಾತ್ರ ಕಂಠವೂ ಕಳೆದುಹೋಗಿ ತೆಳ್ಳಗಾಗುತ್ತಿತ್ತು.

ಶಬ್ದ ಸ್ವಚ್ಛವಾಗಿತ್ತೆಂದು ಕೇಳಿದವರೆಲ್ಲ ಹೇಳುತ್ತಾರೆ. ಖರ್ಚು ಮಾತ್ರ ಆನೆ ಸಾಕಿದ ಹಾಗಾಯಿತು. ಗೋಡೆ ಕಟ್ಟಲು ಅಷ್ಟೊಂದು ಹೊತ್ತು ಬೇಕಾದ್ದರಿಂದ ಎರಡು ವೇದಿಕೆ ಇಟ್ಟುಕೊಂಡು, ಒಂದು ಊರಿನಲ್ಲಿ ಕಛೇರಿ ನಡೆಯುತ್ತಿರುವಾಗ ಇನ್ನೊಂದು ಮುಂದಿನ ಊರಿಗೆ ಹೋಗಬೇಕಿತ್ತು. ವರ್ಷ ತುಂಬುವ ಮೊದಲೇ ಗೋಡೆ ಬಿಚ್ಚಿದರು. ಅಂದಿನ ಲೆಕ್ಕಾಚಾರಗಳಲ್ಲಿ ಕೆಲವು ಇಂದಿನ ದೊಡ್ಡ ಸಭೆಗಳ ಧ್ವನಿ ವ್ಯವಸ್ಥೆಯಲ್ಲಿ ಉಳಿದುಕೊಂಡಿವೆ.

ಕಿವಿ ಕೇಳದವರಿಗೂ ಈ ಬಳಗದಲ್ಲಿ ಜಾಗವಿತ್ತೆಂದರೆ ನಂಬುವುದು ಕಷ್ಟ. ವೇದಿಕೆಗೆ ಹತ್ತಿರ ಅವರಿಗೊಂದು ಪ್ರತ್ಯೇಕ ಸ್ಥಳ, ಹಾಡಿನ ಸಾಹಿತ್ಯವನ್ನು ಕೈಸನ್ನೆಯಲ್ಲಿ ಹೇಳುವವರು. ಹಲವರು ಊದಿದ ಬಲೂನನ್ನು ಎರಡೂ ಅಂಗೈಗಳಲ್ಲಿ ಹಿಡಿದು ನಿಲ್ಲುತ್ತಿದ್ದರು. ಬಲೂನಿನ ತೆಳು ರಬ್ಬರು ಕಿವಿಯ ತಮಟೆಯಂತೆ ಕಂಪಿಸಿ, ತಗ್ಗು ಸ್ವರಗಳನ್ನು ಬೆರಳುಗಳಿಗೆ ಮುಟ್ಟಿಸುತ್ತದೆ. ಮನೆಯಲ್ಲಿ ರೇಡಿಯೊ ಎದುರು ಬಲೂನು ಹಿಡಿದು ನೋಡಿ, ತಾನೇ ಗೊತ್ತಾಗುತ್ತದೆ.

ಕತ್ತಲೆಯ ಮಗ್ಗುಲು

ಇಷ್ಟು ಓದಿದ ತಂದೆತಾಯಿಗಳ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿರಬೇಕು. ಅದನ್ನು ಮುಚ್ಚಿಡುವುದು ಸರಿಯಲ್ಲ. ಈ ಬಳಗದೊಳಗೆ ಮಾದಕ ವಸ್ತು ಮೊದಲ ದಿನದಿಂದಲೂ ಇತ್ತು. ತಂಡಕ್ಕೆ ಆರಂಭದಲ್ಲಿ ಹಣ ಕೊಟ್ಟ, ಶಬ್ದದ ಗೋಡೆಯ ಕನಸು ಕಂಡ ಔಸ್ಲಿ ಸ್ಟ್ಯಾನ್ಲಿ ಎಲ್‌ಎಸ್‌ಡಿ ತಯಾರಿಸಿ ಜೈಲಿಗೆ ಹೋದವನು. ಮೂಲ ಐವರಲ್ಲಿ ಒಬ್ಬನಾದ ರಾನ್ ಮೆಕರ್ನನ್ 1973ರಲ್ಲಿ, 27ನೆಯ ವಯಸ್ಸಿನಲ್ಲಿ, ಕುಡಿತದಿಂದ ದೇಹ ಹದಗೆಟ್ಟು ಸತ್ತ. ಕೀಬೋರ್ಡ್ ವಾದಕ ಬ್ರೆಂಟ್ ಮಿಡ್ಲಂಡ್ 1990ರಲ್ಲಿ ಮಾದಕ ವಸ್ತು ಅತಿಯಾಗಿ ಸತ್ತ. ಗಾರ್ಸಿಯಾ ವರ್ಷಗಟ್ಟಲೆ ಹೆರಾಯಿನಿಗೆ ದಾಸನಾಗಿದ್ದ. ಜೊತೆಗೆ ಮಧುಮೇಹ. 1986ರಲ್ಲಿ ಪ್ರಜ್ಞೆ ತಪ್ಪಿ ದಿನಗಟ್ಟಲೆ ಮಲಗಿದವನು ಎದ್ದಾಗ ಗಿಟಾರನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು.

ಅಭಿಮಾನಿಗಳೂ ದಂಡ ತೆತ್ತರು. ಎಲ್‌ಎಸ್‌ಡಿ ದ್ರಾವಣದಲ್ಲಿ ಅದ್ದಿದ ಕಾಗದದ ಚೂರುಗಳನ್ನು ಕಛೇರಿಗಳ ಹೊರಗೆ ಮಾರುವವರಿದ್ದರು. 1986ರ ಅಮೆರಿಕದ ಕಾನೂನು ಒಂದು ಗ್ರಾಂ ದಾಟಿದರೆ ಕನಿಷ್ಠ ಐದು ವರ್ಷ ಜೈಲು ಎಂದಿತು. ತೂಗಬೇಕಾದ್ದು ಔಷಧವನ್ನೋ, ಕಾಗದವನ್ನೂ ಸೇರಿಸಿಯೋ? 1991ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಮುಂದೆ ಬಂದ ಮೊಕದ್ದಮೆಯಲ್ಲಿ ಔಷಧ ಸುಮಾರು 50 ಮಿಲಿಗ್ರಾಂ, ಕಾಗದ ಸೇರಿ 5.7 ಗ್ರಾಂ. ಕಾಗದವನ್ನೂ ಸೇರಿಸಿಯೇ ತೂಗಬೇಕೆಂದು ತೀರ್ಪಾಯಿತು. ಸಂಗೀತದ ಬೆನ್ನು ಹತ್ತಿ ಮನೆ ಬಿಟ್ಟ ಎಷ್ಟೋ ಎಳೆಯರು ಇಂಥ ತಕ್ಕಡಿಗೆ ಸಿಕ್ಕಿ ಯೌವನವನ್ನು ಜೈಲಿನಲ್ಲಿ ಕಳೆದರು.

ಇದಕ್ಕೆ ಔಷಧವೂ ಬಳಗದೊಳಗಿನಿಂದಲೇ ಹುಟ್ಟಿತು. 1980ರ ದಶಕದಲ್ಲಿ, ಕುಡಿತ ಮತ್ತು ಮಾದಕ ವಸ್ತು ಬಿಟ್ಟ ಕೆಲವು ಅಭಿಮಾನಿಗಳು ‘ವಾರ್ಫ್ ರ‍್ಯಾಟ್ಸ್’ ಎಂಬ ಗುಂಪು ಕಟ್ಟಿಕೊಂಡರು. ಕಛೇರಿಯ ನಡುವಣ ವಿರಾಮದಲ್ಲಿ ಹಳದಿ ಬಲೂನು ಕಟ್ಟಿದ ಮೇಜಿನ ಬಳಿ ಸೇರುವುದು, ಒಬ್ಬರಿಗೊಬ್ಬರು ಧೈರ್ಯ ಹೇಳುವುದು, ಮತ್ತೆ ಹಾಡು ಕೇಳಲು ಹೋಗುವುದು, ಇಷ್ಟೇ ಅವರ ಕಾರ್ಯಕ್ರಮ. ಸಂಗೀತ ಬಿಡದೆ ಚಟ ಬಿಡಬಹುದೆಂದು ಅವರು ತೋರಿಸಿಕೊಟ್ಟರು.

1987ರ ಆ ಒಂದು ಗೆಲುವಿನ ಹಾಡು ಹೊಸ ಗುಂಪುಗಳನ್ನು ಎಳೆದು ತಂದಿತ್ತು. ಸಂಗೀತ ಬೇಡದವರೂ ಜಾತ್ರೆಗೆಂದು ಬಂದರು. 1995ರ ಜುಲೈ 2ರಂದು ಇಂಡಿಯಾನಾ ರಾಜ್ಯದಲ್ಲಿ ಟಿಕೆಟ್ ಇಲ್ಲದ ಸಾವಿರಾರು ಮಂದಿ ಬೇಲಿ ಮುರಿದು ನುಗ್ಗಿದರು, ಮರುದಿನದ ಕಛೇರಿ ರದ್ದಾಯಿತು. ತಂಡದವರು ಅಭಿಮಾನಿಗಳಿಗೆ ಬಹಿರಂಗ ಪತ್ರ ಬರೆದು, ಹೀಗೇ ಆದರೆ ನಿಲ್ಲಿಸಿಬಿಡುತ್ತೇವೆ ಎಂದರು. ಗಾರ್ಸಿಯಾ ದಣಿದಿದ್ದ. ಆದರೆ ತಂಡವನ್ನೇ ನಂಬಿಕೊಂಡು ಸಂಬಳ ತೆಗೆದುಕೊಳ್ಳುವ ಕುಟುಂಬಗಳು ಎಷ್ಟೋ ಇದ್ದವು, ಬಂಡಿ ನಿಲ್ಲಿಸುವಂತಿರಲಿಲ್ಲ. ಜುಲೈ 9ರಂದು ಷಿಕಾಗೊದಲ್ಲಿ ಕೊನೆಯ ಕಛೇರಿ. ಆಗಸ್ಟ್ 9ರಂದು ಚಟ ಬಿಡಿಸುವ ಚಿಕಿತ್ಸಾಲಯವೊಂದರಲ್ಲಿ ಆತನ ಹೃದಯ ನಿಂತಿತು. ವಯಸ್ಸು 53.

ಗಂಗೆ, ತಬಲಾ, ಕಣ್ಣು

ಭಾರತದ ಜೊತೆ ಈ ತಂಡಕ್ಕೆ ನಿಜವಾದ ನಂಟಿತ್ತು. ತಾಳವಾದ್ಯಗಾರ ಮಿಕ್ಕಿ ಹಾರ್ಟ್ ಉಸ್ತಾದ್ ಅಲ್ಲಾ ರಖಾ ಅವರಿಂದ ಪಾಠ ಹೇಳಿಸಿಕೊಂಡ. ಅವರ ಮಗ ಜಾಕಿರ್ ಹುಸೇನ್ ಅವರ ಜೊತೆ 1976ರಲ್ಲಿ ‘ದಿಗಾ’ ಎಂಬ ತಾಳವಾದ್ಯ ಮುದ್ರಿಕೆ ಹೊರತಂದ. 1991ರ ‘ಪ್ಲಾನೆಟ್ ಡ್ರಮ್’ನಲ್ಲಿ ಜಾಕಿರ್ ಅವರೊಂದಿಗೆ ಘಟಂ ವಿದ್ವಾನ್ ವಿಕ್ಕು ವಿನಾಯಕರಾಮ್ ಅವರೂ ನುಡಿಸಿದರು, ವಿಶ್ವ ಸಂಗೀತಕ್ಕೆಂದು ಕೊಟ್ಟ ಮೊದಲ ಗ್ರ್ಯಾಮಿ ಪ್ರಶಸ್ತಿ ಅದಕ್ಕೇ ಬಂತು. ತಂಡದ ಕಛೇರಿಗಳಲ್ಲಿ ಉಳಿದವರೆಲ್ಲ ವೇದಿಕೆಯಿಂದಿಳಿದು ತಾಳವಾದ್ಯದ ಇಬ್ಬರೇ ಬಹಳ ಹೊತ್ತು ನುಡಿಸುವ ಭಾಗವೊಂದಿರುತ್ತಿತ್ತು. ನಮ್ಮ ತನಿ ಆವರ್ತನದ ದೂರದ ನೆಂಟ ಎನ್ನಬಹುದು.

ಕುರುಡು ನಿವಾರಣೆಗಾಗಿ 1978ರಲ್ಲಿ ಹುಟ್ಟಿದ ‘ಸೇವಾ’ ಪ್ರತಿಷ್ಠಾನಕ್ಕೆ ತಂಡ ಸಹಾಯಾರ್ಥ ಕಛೇರಿಗಳನ್ನು ನಡೆಸಿತು. ಮಧುರೆಯ ಅರವಿಂದ ಕಣ್ಣಾಸ್ಪತ್ರೆಯ ಡಾ. ವೆಂಕಟಸ್ವಾಮಿ ಅವರೂ ಆ ಪ್ರತಿಷ್ಠಾನವನ್ನು ಕಟ್ಟಿದವರಲ್ಲಿ ಒಬ್ಬರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ತಂಡ ಈಜಿಪ್ಟಿನ ಗೀಜಾ ಪಿರಮಿಡ್ಡಿನ ಬುಡದಲ್ಲಿ ಮೂರು ರಾತ್ರಿ ನುಡಿಸಿತು. ಡ್ರಮ್ ನುಡಿಸುವ ಬಿಲ್ ಕ್ರೂಟ್ಸ್‌ಮನ್‌ನ ಮಣಿಕಟ್ಟು ಮುರಿದಿದ್ದರಿಂದ ಆತ ಒಂದೇ ಕೈಯಲ್ಲಿ ಸಂಭಾಳಿಸಿದ. ಮೂರನೆಯ ರಾತ್ರಿ, 16ರಂದು, ಪೂರ್ಣ ಚಂದ್ರಗ್ರಹಣ. ಅದೇ ಗ್ರಹಣವನ್ನು ಅಂದು ನಡುರಾತ್ರಿ ನಮ್ಮ ದೇಶದವರೂ ಕಂಡರು.

ಗಾರ್ಸಿಯಾನ ಚಿತಾಭಸ್ಮದ ಒಂದು ಪಾಲನ್ನು 1996ರ ಏಪ್ರಿಲ್ 4ರಂದು ಆತನ ಪತ್ನಿ ಮತ್ತು ತಂಡದ ಬಾಬ್ ವೇರ್ ರಿಷಿಕೇಶಕ್ಕೆ ತಂದು ಗಂಗೆಯಲ್ಲಿ ಬಿಟ್ಟರು. ಉಳಿದದ್ದು ಸಾನ್ ಫ್ರಾನ್ಸಿಸ್ಕೊ ಕೊಲ್ಲಿಯ ನೀರಿಗೆ ಸೇರಿತು.

ತಂಡ ಮುಗಿಯಿತು, ಬಳಗ ಮುಗಿಯಲಿಲ್ಲ. ಉಳಿದವರು ಬೇರೆ ಬೇರೆ ಹೆಸರುಗಳಲ್ಲಿ ನುಡಿಸಿದರು. 2025ರ ಆಗಸ್ಟಿನಲ್ಲಿ, 60 ವರ್ಷಗಳ ನೆನಪಿಗೆ, ಸಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಉದ್ಯಾನದಲ್ಲಿ ಮೂರು ದಿನ ಕಛೇರಿ ನಡೆದಾಗ ಗಾರ್ಸಿಯಾ ಸತ್ತ ಮೇಲೆ ಹುಟ್ಟಿದವರೂ ಗುಂಪಿನಲ್ಲಿ ಕುಣಿದರು.

ಫಿಲ್ ಲೆಶ್‌ನ ವಿಷಯ ಹೇಳದಿದ್ದರೆ ಲೇಖನ ಅಪೂರ್ಣ. 1998ರಲ್ಲಿ ಆತನ ಪಿತ್ತಜನಕಾಂಗ ಕೆಟ್ಟು ಸಾವಿನ ಅಂಚಿಗೆ ಹೋಗಿದ್ದ. ತೀರಿಕೊಂಡ ಯುವಕನೊಬ್ಬನ ಅಂಗವನ್ನು ಕಸಿ ಮಾಡಿ ವೈದ್ಯರು ಉಳಿಸಿದರು. ಆ ಬಳಿಕ ಆತ 26 ವರ್ಷ ಬದುಕಿ, 84ನೆಯ ವಯಸ್ಸಿನಲ್ಲಿ, 2024ರ ಅಕ್ಟೋಬರಿನಲ್ಲಿ ಕಣ್ಣುಮುಚ್ಚಿದ. ಅಷ್ಟು ವರ್ಷವೂ ತನ್ನ ಕಛೇರಿಗಳ ಕೊನೆಯಲ್ಲಿ, ಜನ ಇನ್ನೊಂದು ಹಾಡಿಗಾಗಿ ಕೂಗುತ್ತಿರುವಾಗ, ಆತ ಮೈಕಿನ ಮುಂದೆ ಬರುತ್ತಿದ್ದ. ತನಗೆ ಅಂಗ ಕೊಟ್ಟು ಹೋದ ಆ ಹುಡುಗನ ಹೆಸರು ಹೇಳುತ್ತಿದ್ದ. ನೀವೂ ಅಂಗದಾನಿಗಳಾಗಲು ಬಯಸಿದರೆ ಅದನ್ನು ಮನೆಯವರಿಗೆ ಬಾಯಿಬಿಟ್ಟು ಹೇಳಿ ಎಂದು ಕೇಳಿಕೊಳ್ಳುತ್ತಿದ್ದ. ಹಳೆಯ ಅಭಿಮಾನಿಗಳಿಗೆ ಆ ಮಾತು ಬಾಯಿಪಾಠ. ಆದರೂ ಸಭೆ ಸದ್ದಿಲ್ಲದೆ ನಿಂತು ಕೇಳುತ್ತಿತ್ತು. ಆಮೇಲೆ ಆತ ಗಿಟಾರನ್ನು ಕೊರಳಿಗೆ ಏರಿಸಿಕೊಂಡು ಕೊನೆಯ ಹಾಡು ನುಡಿಸುತ್ತಿದ್ದ.